ಎಲುಬುಗಳ ಸಾಕ್ಷ್ಯ ಮತ್ತು ನೆರೆಯವರ ಹಕ್ಕು

ಲಕ್ಷ್ಮೇಶ್ವರದ ಮದ್ರಸಾದಲ್ಲಿ ಒಂದು ಸಂಜೆ ಮಕ್ಕಳಿಗೆ ಮಯ್ಯಿತ್‌ನ ಹಕ್ಕುಗಳನ್ನು ಕಲಿಸುತ್ತಿದ್ದೆ. ಸತ್ತವರ ಎಲುಬಿಗೂ ಬದುಕಿರುವವರ ಎಲುಬಿನಷ್ಟೇ ಮರ್ಯಾದೆಯಿದೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ವಿವರಿಸಿದಾಗ ಹುಡುಗನೊಬ್ಬ ಎದ್ದು ಕೇಳಿದ: "ಹಜರತ್, ಹಂಗಾದ್ರ ಪೊಲೀಸರು ಗೋರಿ ಅಗದು ಎಲುಬು ಡಾಕ್ಟರ್ ಕಡೆ ಒಯ್ತಾರಲ್ಲ, ಅದು ಪಾಪ ಅಲ್ಲೇನ್ರಿ?"

ಪ್ರಿಯ ಓದುಗರೇ, ಇದು ಕೇವಲ ಮಗುವಿನ ಪ್ರಶ್ನೆಯಲ್ಲ. ಹಿರಿಯರಲ್ಲಿಯೂ ಈ ಅಳುಕಿದೆ. ಮಯ್ಯಿತ್‌ನ ಮರ್ಯಾದೆ ಕಾಯಬೇಕೆಂಬ ಅವರ ಕಳಕಳಿ ಮೆಚ್ಚತಕ್ಕದ್ದೇ. ಆದರೆ ಮರ್ಯಾದೆ ಎಂದರೆ ಮಣ್ಣು ಮುಚ್ಚಿ ಸುಮ್ಮನಾಗುವುದು ಮಾತ್ರವೇ?

ಉಹುದ್ ಯುದ್ಧದಲ್ಲಿ ಹುತಾತ್ಮರಾದ ತಂದೆಯನ್ನು ಇನ್ನೊಬ್ಬರೊಂದಿಗೆ ಒಂದೇ ಗೋರಿಯಲ್ಲಿ ದಫನ್ ಮಾಡಿದ್ದರಿಂದ ಹ. ಜಾಬಿರ್(ರ) ಅವರ ಮನಸ್ಸಿಗೆ ಸಮಾಧಾನವಿರಲಿಲ್ಲ. ಆರು ತಿಂಗಳ ನಂತರ ಗೋರಿ ತೆರೆದು ಅವರನ್ನು ಬೇರೆಯಾಗಿ ದಫನ್ ಮಾಡಿದರೆಂದು ಸಹೀಹ್ ಬುಖಾರಿಯಲ್ಲಿದೆ. 1987ರಲ್ಲಿ ಮಕ್ಕಾದಲ್ಲಿ ಸೇರಿದ್ದ ರಾಬಿತಾದ ಫಿಕ್ಹ್ ಪರಿಷತ್ತು ಅಪರಾಧದ ತನಿಖೆಗಾಗಿ ಶವಪರೀಕ್ಷೆಗೆ ಅನುಮತಿ ನೀಡಿತು. ಅನಿವಾರ್ಯವಿದ್ದಷ್ಟು ಮಾತ್ರ, ಗೌರವದಿಂದ ಎಂಬುದು ಶರತ್ತು. ಹೂಳಿದ ಶವವನ್ನು ಪರೀಕ್ಷೆಗಾಗಿ ತೆಗೆಸುವ ಅಧಿಕಾರವನ್ನು ನಮ್ಮ ದೇಶದ ಕಾನೂನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಸಿಕ್ಕಸಿಕ್ಕವರು ಅಗೆಯುವಂತಿಲ್ಲ.

ಎಲುಬು ಏನು ಹೇಳುತ್ತದೆ? ಬೆಳೆದ ಮನುಷ್ಯನಲ್ಲಿ 206 ಎಲುಬುಗಳಿವೆ. ಸೊಂಟದ ಎಲುಬಿನ ರಚನೆ ನೋಡಿ ಗಂಡೋ ಹೆಣ್ಣೋ ಎಂದು ಬಲ್ಲವರು ಗುರುತಿಸುತ್ತಾರೆ. ತೊಡೆಯ ಎಲುಬಿನ ಉದ್ದದಿಂದ ಎತ್ತರವನ್ನು, ಹಲ್ಲುಗಳಿಂದಲೂ ಎಲುಬುಗಳ ತುದಿಗಳು ಕೂಡಿಕೊಂಡ ಬಗೆಯಿಂದಲೂ ವಯಸ್ಸನ್ನು ಅಂದಾಜು ಮಾಡುತ್ತಾರೆ. ಬದುಕಿದ್ದಾಗ ಮುರಿದು ಮತ್ತೆ ಕೂಡಿದ ಎಲುಬಿನ ಗುರುತು ಬೇರೆ, ಸಾವಿನ ಹೊತ್ತಿನ ಪೆಟ್ಟು ಬೇರೆ, ಸತ್ತು ಒಣಗಿದ ಮೇಲಿನ ಮುರಿತ ಬೇರೆ. ಕೊಲೆಯಾದವನಿಗೆ ನಾಲಿಗೆಯಿಲ್ಲ. ಅವನ ಪರವಾಗಿ ಎಲುಬು ಸಾಕ್ಷಿ ನುಡಿಯುವಾಗ ಅದನ್ನು ಆಲಿಸುವುದು ಅಗೌರವವಲ್ಲ. ಅವನ ಹಕ್ಕನ್ನು ಅವನಿಗೆ ಸಲ್ಲಿಸುವುದಾಗಿದೆ.

ಆದರೆ ಈ ವಿದ್ಯೆಗೂ ಒಂದು ಮಿತಿಯಿದೆ. ಎಲುಬಿನಿಂದ ಡಿಎನ್‌ಎ ತೆಗೆದರಷ್ಟೇ ಸಾಲದು. ಹೋಲಿಸಿ ನೋಡಲು ರಕ್ತಸಂಬಂಧಿಯೊಬ್ಬರ ಮಾದರಿಯೂ ಬೇಕು. ಅಂದರೆ 'ನಮ್ಮವನೊಬ್ಬ ಕಾಣುತ್ತಿಲ್ಲ' ಎಂದು ಯಾರಾದರೂ ಮುಂದೆ ಬರಬೇಕು. ಹುಡುಕುವವರೇ ಇಲ್ಲದ ಎಲುಬಿಗೆ ಹೆಸರು ಕೊಡುವುದು ವಿಜ್ಞಾನಕ್ಕೂ ಬಲು ಕಷ್ಟ.

2023ರ ಡಿಸೆಂಬರ್‌ನಲ್ಲಿ ನಮ್ಮದೇ ನಾಡಿನ ಚಿತ್ರದುರ್ಗ ನಗರದ ಮನೆಯೊಂದರಲ್ಲಿ ಐದು ಅಸ್ಥಿಪಂಜರಗಳು ಸಿಕ್ಕವು. ಒಂದೇ ಕುಟುಂಬದವರೆಂದು ಪೊಲೀಸರು ಹೇಳಿದರು. 2019ರ ನಂತರ ಅವರನ್ನು ಕಂಡವರಿರಲಿಲ್ಲ. ಸಾವಿನ ಕಾರಣವನ್ನು ನಾವು ಊಹಿಸುವುದು ಬೇಡ. ಅದು ತನಿಖೆಯ ಕೆಲಸ. ಅವರು ಯಾರೊಂದಿಗೂ ಬೆರೆಯುತ್ತಿರಲಿಲ್ಲವೆಂದು ಬಲ್ಲವರು ತಿಳಿಸಿದರು. ಇರಬಹುದು. ಆದರೆ ನಾಲ್ಕು ವರ್ಷ ಆ ಬಾಗಿಲ ಮುಂದೆ ರಂಜಾನ್ ಬಂತು, ಯುಗಾದಿ ಬಂತು, ದೀಪಾವಳಿ ಬಂತು. ಒಳಗಿನವರ ವಿಷಯ ಮಾತ್ರ ಹೊರಗೆ ಬರಲಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯ ಉತ್ತರಿಸಲಾಗದ ಪ್ರಶ್ನೆ ಇದು. ನಾವೇ ಉತ್ತರಿಸಬೇಕು.

ಚಿತ್ರದುರ್ಗದವರನ್ನು ದೂರಿ ನಾವು ಪಾರಾಗುವಂತಿಲ್ಲ. ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿ, ತಾಂಡಾಗಳಿಂದ ಮಳೆ ಕೈಕೊಟ್ಟ ವರ್ಷ ಜನ ಗೋವಾ, ಮಂಗಳೂರುಗಳಿಗೆ ಗುಳೆ ಹೋಗುತ್ತಾರೆ. ಬೀಗ ಕಂಡರೆ 'ದುಡಿಯಾಕ ಹೋಗ್ಯಾರ' ಎಂದು ನಾವು ಮುಂದೆ ನಡೆಯುತ್ತೇವೆ. ಗದಗ-ಬೆಟಗೇರಿಯ ಹೊಸ ಬಡಾವಣೆಗಳಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದವರು ಎಷ್ಟು ಮಂದಿ!

ನಾನೂ ಇದಕ್ಕೆ ಹೊರತಲ್ಲ. ನಮ್ಮ ಓಣಿಯಲ್ಲಿ ಒಂಟಿಯಾಗಿದ್ದ ಒಬ್ಬ ಅಜ್ಜಿ ದಿನಾಲೂ ಫಜ್ರ್ ಹೊತ್ತಿಗೆ ಅಂಗಳ ಗುಡಿಸುತ್ತಿದ್ದರು. ಮೂರು ದಿನ ಅಂಗಳ ಹಾಗೆಯೇ ಇತ್ತು. ಅದೇ ದಾರಿಯಲ್ಲಿ ನಾನು ಮಸೀದಿಗೆ ಹೋಗಿ ಬಂದೆ. ನಾಲ್ಕನೆಯ ದಿನ ಬಾಗಿಲು ಬಡಿದದ್ದು ನಾನಲ್ಲ, ಹಾಲು ಹಾಕುವ ಹುಡುಗ. ಅಜ್ಜಿ ಜ್ವರದಲ್ಲಿ ನೆಲ ಹಿಡಿದಿದ್ದರು. ಅಲ್ಲಾಹನ ಕೃಪೆಯಿಂದ ಬದುಕಿದರು. "ನಾಲ್ಕು ದಿನದಿಂದ ಅಜಾನ್ ಕೇಳ್ತಿತ್ತಪ್ಪಾ" ಎಂದರು. ಅಷ್ಟೇ ಅಂದರು. ನನಗೆ ತಲೆ ಎತ್ತಲಾಗಲಿಲ್ಲ.

ಪ್ರವಾದಿವರ್ಯರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಬಡ ಮಹಿಳೆಯೊಬ್ಬರಿದ್ದರು. ಅವರು ಕಾಣದಾದಾಗ ಪ್ರವಾದಿವರ್ಯರೇ(ಸ) ವಿಚಾರಿಸಿದರು. ಆಕೆ ತೀರಿಕೊಂಡರೆಂದು ಅನುಚರರು ತಿಳಿಸಿದಾಗ, ನನಗೇಕೆ ಹೇಳಲಿಲ್ಲವೆಂದು ಕೇಳಿ, ಆಕೆಯ ಗೋರಿಯ ಬಳಿ ಹೋಗಿ ನಮಾಜ್ ನಿರ್ವಹಿಸಿದರು. ಒಂದು ಸಮುದಾಯದ ನಾಯಕರು ಕಸ ಗುಡಿಸುವವರ ಗೈರುಹಾಜರಿಯನ್ನು ಗಮನಿಸಿದ್ದರು!

ಆ ಹುಡುಗನಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನ್ಯಾಯಕ್ಕಾಗಿ ಎಲುಬನ್ನು ಗೌರವದಿಂದ ಪರೀಕ್ಷಿಸುವುದು ಪಾಪವಲ್ಲ. ಪರೀಕ್ಷೆ ಮುಗಿದ ಮೇಲೆ ಅದನ್ನು ಗೌರವದಿಂದಲೇ ಮಣ್ಣಿಗೆ ಸೇರಿಸಬೇಕು. ಆದರೆ ನೆರೆಯವನು ಎಲುಬಾಗುವವರೆಗೂ ಅವನ ಬಾಗಿಲು ಬಡಿಯದಿರುವುದರ ಲೆಕ್ಕವನ್ನು ನಾಳೆ ನಮ್ಮಿಂದ ಕೇಳಲಾಗುವುದು. ನೆರೆಯವನು ಯಾವ ಜಾತಿ, ಯಾವ ಧರ್ಮದವನೆಂಬುದು ಅಲ್ಲಿ ನೆಪವಾಗದು. ಈ ಪುಟವನ್ನು ಮಡಚಿಟ್ಟು, ಕೆಲವು ದಿನಗಳಿಂದ ಕಾಣದ ಒಬ್ಬರ ಮನೆಗೆ ಇಂದೇ ಹೋಗಿ ಬನ್ನಿ.