ಬಿಡುವಿನ ಕೈಗೆಲಸವೂ ಕಾಯಕತತ್ತ್ವವೂ

ಸದ್ಭಕ್ತನಾದ ಗೃಹಸ್ಥನು ತನ್ನ ದುಡಿಮೆಯನ್ನು ಹೇಗೆ ನಡೆಸಬೇಕೆಂಬುದನ್ನು ಶಿವಶರಣರು ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿಸಿದ್ದಾರೆ. ದುಡಿಮೆ ಮುಗಿದ ಮೇಲೆ ಉಳಿಯುವ ಬಿಡುವನ್ನು ಹೇಗೆ ಕಳೆಯಬೇಕೆಂಬುದು ಅಷ್ಟು ಸುಲಭವಾಗಿ ತೀರ್ಮಾನವಾಗುವ ವಿಷಯವಲ್ಲ. ಹನ್ನೆರಡನೆಯ ಶತಮಾನದ ಶ್ರಮಜೀವಿಗೆ ದಿನದ ದುಡಿಮೆ, ದಿನದ ಪೂಜೆ, ದಿನದ ದಾಸೋಹ ಇವೇ ಹಗಲನ್ನು ತುಂಬುತ್ತಿದ್ದುವು. ಇಂದಿನ ಗೃಹಸ್ಥನಿಗೆ ವಾರಕ್ಕೊಂದು ರಜೆಯುಂಟು. ನೌಕರನಾದರೆ ನಿವೃತ್ತಿಯ ವರ್ಷಗಳುಂಟು. ಮಲೆನಾಡಿನವನಾದರೆ ಮಳೆಗಾಲದ ದೀರ್ಘ ಸಂಜೆಗಳುಂಟು. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಇವು ನಾಡಿನಲ್ಲಿ ಅತ್ಯಧಿಕ ಮಳೆ ಬೀಳುವ ತಾಣಗಳ ಪೈಕಿ ಸೇರಿದುವು. ಅಲ್ಲಿ ಜಡಿಮಳೆ ಹಿಡಿದಾಗ ಕೈಗಳು ಏನನ್ನಾದರೂ ಬೇಡುತ್ತವೆ. ಆ ಕೈಗಳಿಗೆ ಇತ್ತೀಚೆಗೆ ದೊರೆತಿರುವ ಒಂದು ಹವ್ಯಾಸವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡೋಣ.

ಅದು ಮರದ ಯಂತ್ರಮಾದರಿಗಳನ್ನು ಜೋಡಿಸುವ ಹವ್ಯಾಸ. ತೆಳುವಾದ ಪ್ಲೈವುಡ್ ಹಲಗೆಯಲ್ಲಿ ಲೇಸರ್ ಕಿರಣದಿಂದ ನೂರಾರು ತುಂಡುಗಳನ್ನು ಮೊದಲೇ ಕೊರೆದು, ಒಂದು ಚಿತ್ರಪುಸ್ತಕದೊಡನೆ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಉಕ್ರೇನ್ ದೇಶದ ಯುಗಿಯರ್ಸ್ ಎಂಬ ಸಂಸ್ಥೆ ೨೦೧೪ರ ಸುಮಾರಿಗೆ ಇಂಥ ಪೆಟ್ಟಿಗೆಗಳ ತಯಾರಿಕೆಗೆ ತೊಡಗಿತು. ಚೀನಾ ಮೊದಲಾದ ದೇಶಗಳಲ್ಲಿಯೂ ಅವು ತಯಾರಾಗುತ್ತವೆ. ಕೊಂಡವನು ತುಂಡುಗಳನ್ನು ಬೆರಳಿನಿಂದ ಒತ್ತಿ ಬಿಡಿಸಿ, ಬಹುಮಟ್ಟಿಗೆ ಅಂಟಿನ ಸಹಾಯವಿಲ್ಲದೆ ಒಂದರಲ್ಲೊಂದನ್ನು ಕೂಡಿಸುತ್ತಾನೆ. ಹಲ್ಲುಗಾಲಿಗಳಿಗೆ ಮೇಣ ಸವರುತ್ತಾನೆ. ರಬ್ಬರಿನ ಪಟ್ಟಿಯನ್ನು ಸುತ್ತಿ ಬಿಟ್ಟರೆ ಪುಟ್ಟ ರೈಲುಯಂತ್ರವೋ ಗಡಿಯಾರದಂಥ ಚಕ್ರಮಾಲೆಯೋ ಚಲಿಸತೊಡಗುತ್ತದೆ. ನಲವತ್ತು ಹಲ್ಲಿನ ಗಾಲಿ ಒಮ್ಮೆ ತಿರುಗಿದರೆ ಅದಕ್ಕೆ ತಾಗಿದ ಹತ್ತು ಹಲ್ಲಿನ ಗಾಲಿ ನಾಲ್ಕು ಬಾರಿ ತಿರುಗುತ್ತದೆ. ವೇಗ ಹೆಚ್ಚಿದಷ್ಟೂ ತಿರುಗಿಸುವ ಬಲ ಕುಗ್ಗುತ್ತದೆ. ಈ ತತ್ತ್ವವನ್ನು ಪುಸ್ತಕದಲ್ಲಿ ಓದಿದ ಹುಡುಗನಿಗೂ ಬೆರಳಿನಲ್ಲಿ ಅರಿತ ಹುಡುಗನಿಗೂ ಬಹಳ ಅಂತರವುಂಟು. ಮಲೆನಾಡಿನಲ್ಲಿ ಇನ್ನೊಂದು ಪಾಠವೂ ದೊರೆಯುತ್ತದೆ. ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುವ ವಸ್ತು. ಪದರಗಳನ್ನು ಅಡ್ಡಡ್ಡವಾಗಿ ಅಂಟಿಸಿರುವುದರಿಂದ ಪ್ಲೈವುಡ್ ಕಡಮೆ ಹಿಗ್ಗುತ್ತದೆಯಾದರೂ ಪೂರ್ಣವಾಗಿ ತಪ್ಪಿಸಿಕೊಳ್ಳಲಾರದು. ಬೇಸಗೆಯಲ್ಲಿ ಸರಾಗವಾಗಿ ತಿರುಗಿದ ಚಕ್ರ ಆಷಾಢದಲ್ಲಿ ಬಿಗಿದು ನಿಲ್ಲಬಹುದು.

ಇಂಥ ಕೈಗೆಲಸವು ಕಾಯಕವಾಗುವುದೆ? ಅಲ್ಲದಿದ್ದರೆ ಅದು ಭಕ್ತನಿಗೆ ತಕ್ಕುದೆ? ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ನೋಡಬೇಕು.

ಮೊದಲನೆಯದಕ್ಕೆ ಉತ್ತರ ಸ್ಪಷ್ಟವಾಗಿದೆ. ಶರಣರಲ್ಲಿ ಮರಗೆಲಸದವರೇ ಒಬ್ಬರಿದ್ದರು. ಬಾಚಿಕಾಯಕದ ಬಸವಯ್ಯನವರ ವಚನಗಳು ನಮಗೆ ಉಳಿದುಬಂದಿವೆ. ಅವರ ಧರ್ಮಪತ್ನಿ ಕಾಳವ್ವೆಯೂ ವಚನಕಾರ್ತಿ. ಬಾಚಿಯೆಂಬ ಉಪಕರಣವೇ ಅವರ ಹೆಸರಿಗೆ ಅಂಟಿ ನಿಂತಿತು. ಮೇದರ ಕೇತಯ್ಯನವರು ಬಿದಿರು ಸೀಳಿ ಬುಟ್ಟಿ ಹೆಣೆದರು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು. ಮೋಳಿಗೆಯ ಮಾರಯ್ಯನವರು ಸೌದೆ ಹೊತ್ತು ಮಾರಿದರು. ಇವರ ಕೆಲಸಗಳಲ್ಲಿ ಮೂರು ಲಕ್ಷಣಗಳು ಸಮಾನವಾಗಿವೆ. ಸ್ವಂತ ಶರೀರದ ಶ್ರಮವಿತ್ತು. ಆ ಶ್ರಮದಿಂದ ಇನ್ನೊಬ್ಬನ ಅಗತ್ಯ ಪೂರೈಸುತ್ತಿತ್ತು. ಬಂದ ಪ್ರತಿಫಲ ಸತ್ಯಶುದ್ಧವಾಗಿದ್ದು ಗುರುಲಿಂಗಜಂಗಮರ ದಾಸೋಹಕ್ಕೆ ಸಲ್ಲುತ್ತಿತ್ತು. ಮರದ ಮಾದರಿಯನ್ನು ಜೋಡಿಸುವವನಲ್ಲಿ ಶ್ರಮವುಂಟು, ಉಳಿದೆರಡೂ ಇಲ್ಲ. ಆ ಯಂತ್ರ ಯಾರ ಹೊಲಕ್ಕೂ ನೀರೆತ್ತದು. ಯಾರ ಕಬ್ಬನ್ನೂ ಅರೆಯದು. ಅದರಿಂದ ಒಂದು ತುತ್ತಿನ ದಾಸೋಹವೂ ಆಗದು. ಆದುದರಿಂದ ಅದು ಕಾಯಕವಲ್ಲ. ಈಚೆಗೆ ಮನಸ್ಸಿಗೆ ಮೆಚ್ಚಿಕೆಯಾದ ಎಲ್ಲ ಚಟುವಟಿಕೆಗಳಿಗೂ ಕಾಯಕವೆಂದು ಹೆಸರಿಡುವ ರೂಢಿ ಬೆಳೆಯುತ್ತಿದೆ. ಸಂತೋಷಕ್ಕೆ ಸಂತೋಷವೆಂದೇ ಹೆಸರು ಸಾಕು. ಹಗ್ಗ ಹೊಸೆದು ಅಂಗೈ ಸವೆದವರ ಮಾತನ್ನು ಅದಕ್ಕೆ ತೊಡಿಸಿದರೆ ಆ ಮಾತೇ ಸವೆದುಹೋಗುತ್ತದೆ.

ಇನ್ನು ಎರಡನೆಯ ಪ್ರಶ್ನೆ. ಕಾಯಕವಲ್ಲದ್ದೆಲ್ಲ ತ್ಯಾಜ್ಯವೆಂದು ಹೇಳಲು ಕೆಲವರು ಮುಂದಾಗುತ್ತಾರೆ. ಪ್ರಯೋಜನವಿಲ್ಲದ ಕೆಲಸವು ಕಾಲಹರಣವೆಂಬುದು ಅವರ ವಾದ. ಈ ವಾದವನ್ನು ಕೊನೆಯವರೆಗೆ ಎಳೆದರೆ ಅದು ನಿಲ್ಲುವುದಿಲ್ಲ. ಸಾಗರದ ಬಳಿಯ ಇಕ್ಕೇರಿಯಲ್ಲಿ ಕೆಳದಿಯ ಅರಸರ ಕಾಲದ ಅಘೋರೇಶ್ವರ ದೇವಾಲಯವಿದೆ. ಅದರ ಚಾವಣಿಯನ್ನು ಹೊರಲು ಬೋಳುಕಂಬಗಳೂ ಸಾಕಾಗುತ್ತಿದ್ದುವು. ಶಿಲ್ಪಿ ಅವನ್ನು ಕಡೆದು ಚಿತ್ರಿಸಿದನು. ಸಾಗರ ಸೊರಬಗಳ ಗುಡಿಗಾರರು ಗಂಧದ ಮರದ ಪೆಟ್ಟಿಗೆಯ ಮೇಲೆ ಬಳ್ಳಿಯನ್ನೂ ಹಕ್ಕಿಯನ್ನೂ ತಲೆಮಾರುಗಳಿಂದ ಕೆತ್ತುತ್ತ ಬಂದಿದ್ದಾರೆ. ಬಳ್ಳಿಯಿಲ್ಲದಿದ್ದರೂ ಪೆಟ್ಟಿಗೆ ಪೆಟ್ಟಿಗೆಯೇ. ಕೆಳದಿಯ ಬಸವಪ್ಪ ನಾಯಕನು ಹದಿನೆಂಟನೆಯ ಶತಮಾನದ ಆದಿಯಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ'ವು ಶಾಸ್ತ್ರಗಳೊಡನೆ ಕಲೆಗಳಿಗೂ ಸ್ಥಾನ ಕೊಟ್ಟ ವಿಶ್ವಕೋಶ. ವೀರಶೈವ ಅರಸನೊಬ್ಬನಿಗೆ ಇವು ಶಿವತತ್ತ್ವದ ಹೊರಗಿನವೆಂದು ತೋರಲಿಲ್ಲ. ಎಲ್ಲಕ್ಕೂ ಮಿಗಿಲಾಗಿ ನಮ್ಮ ಷಟ್‌ಸ್ಥಲಶಾಸ್ತ್ರವೇ ಪರಶಿವನು ತನ್ನ ಲೀಲೆಗಾಗಿ ಲಿಂಗವೆಂದೂ ಅಂಗವೆಂದೂ ಎರಡಾದನೆಂದು ಹೇಳುತ್ತದೆ. ಸೃಷ್ಟಿಯ ಮೂಲದಲ್ಲಿ ಲಾಭದ ಲೆಕ್ಕವಿಲ್ಲದ ಆನಂದವಿರುವಾಗ, ಮನುಷ್ಯನ ಆಟವೆಲ್ಲ ದೋಷವೆಂದು ಹೇಳುವುದು ಯುಕ್ತವಲ್ಲ.

ಹಾಗಾದರೆ ಶಿವನ ಲೀಲೆಗೂ ನಮ್ಮ ಆಟಕ್ಕೂ ಭೇದವೇನು? ಶಿವನು ಆಡಿಯೂ ಅಂಟಿಕೊಳ್ಳುವುದಿಲ್ಲ. ನಾವು ಆಡಿದೊಡನೆ ಅಂಟಿಕೊಳ್ಳುತ್ತೇವೆ. ಈ ಅಂಟು ಎಲ್ಲೆಲ್ಲಿ ಹತ್ತುತ್ತದೆಂಬುದನ್ನು ಹುಡುಕಬೇಕು. ಅಂಟಿಲ್ಲದೆ ಕೂಡುವ ಈ ಮಾದರಿಗಳಲ್ಲಿಯೂ ಅದು ಮೂರು ಕಡೆ ಕಾಣುತ್ತದೆ.

ಮೊದಲನೆಯದು ಕರ್ತೃತ್ವದ ಅಭಿಮಾನ. ಜೋಡಿಸಿ ಮುಗಿಸಿದವನು 'ಇದನ್ನು ನಾನು ಮಾಡಿದೆನು' ಎನ್ನುತ್ತಾನೆ. ಹಲ್ಲುಗಳ ಸಂಖ್ಯೆಯನ್ನು ಗುಣಿಸಿದವನು ಮತ್ತೊಬ್ಬ. ಹಲಗೆಯನ್ನು ಕೊರೆದ ಯಂತ್ರವನ್ನು ನಡೆಸಿದವನು ಮತ್ತೊಬ್ಬ. ಮರವನ್ನು ಬೆಳೆದದ್ದು ಭೂಮಿ. ಸೊನ್ನಲಿಗೆಯ ಸಿದ್ಧರಾಮೇಶ್ವರರು ತೋಡಿಸಿದ ಕೆರೆಗಳು ಲೋಕಕ್ಕೆ ನಿಜವಾಗಿಯೂ ಉಪಕಾರಿಯಾಗಿದ್ದುವು. ಆದರೂ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅವರನ್ನು 'ಒಡ್ಡರಾಮ'ನೆಂದು ಕೆಣಕುತ್ತಾರೆ. ಕೆರೆಯ ಹಿಂದೆ ಅಡಗಿದ್ದ 'ನಾನು' ಎಂಬುದನ್ನು ಹೊರಗೆಳೆಯುವುದೇ ಆ ಕೆಣಕಿನ ಉದ್ದೇಶ. ಕೆರೆಯ ಮಾತೇ ಹೀಗಿರುವಾಗ ಗಾಜಿನ ಬೀರುವಿನೊಳಗಿನ ರೈಲುಯಂತ್ರದ ಮಾತೇನು?

ಎರಡನೆಯದು ಸಂಗ್ರಹ. ಒಂದು ಪೆಟ್ಟಿಗೆ ಮುಗಿಯುವ ಮುನ್ನವೇ ಇನ್ನೊಂದರ ಬಯಕೆ ಹುಟ್ಟುತ್ತದೆ. ಜೋಡಿಸುವ ಸುಖಕ್ಕಿಂತ ಕೊಳ್ಳುವ ಸುಖ ದೊಡ್ಡದಾಗುತ್ತದೆ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿನ ಅಳತೆಗಿಂತ ಹೆಚ್ಚು ತಂದಾಗ ಆ ತಾಯಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಹಿಂದಕ್ಕೆ ಕಳುಹಿದಳು. ಅಕ್ಕಿಗೆ ಅಳತೆಯುಂಟು, ಬಿಡುವಿಗೂ ಉಂಟೆಂಬುದನ್ನು ನಾವು ಮರೆತಿದ್ದೇವೆ. ಮನೆಯ ಯಜಮಾನನು ಸಂಜೆ ಮೂರು ಗಂಟೆಗಳ ಕಾಲ ಹಲ್ಲುಗಾಲಿ ಕೂಡಿಸುತ್ತಿರುವಾಗ ಒಳಗೆ ಯಾರೋ ಒಬ್ಬರು ಅಡುಗೆ ಬೇಯಿಸುತ್ತಿರುತ್ತಾರೆ, ಮಕ್ಕಳಿಗೆ ಪಾಠ ಹೇಳುತ್ತಿರುತ್ತಾರೆ, ಮಳೆಯಲ್ಲಿ ಒಣಗದ ಬಟ್ಟೆಯನ್ನು ಒಲೆಯ ಮೇಲಣ ಹಗ್ಗಕ್ಕೆ ಹರವುತ್ತಿರುತ್ತಾರೆ. ಆ ಒಬ್ಬರು ಬಹುಪಾಲು ಮನೆಯಾಕೆಯೇ. ಅವಳಿಗೆ ಅಂಥ ಮೂರು ಗಂಟೆಗಳು ದೊರೆಯದಿದ್ದರೆ, ಯಜಮಾನನ ಬಿಡುವಿನಲ್ಲಿ ಅವಳ ಪಾಲೂ ಸೇರಿಕೊಂಡಿದೆಯೆಂದೇ ತಿಳಿಯಬೇಕು. ಅದು ಅಳತೆ ಮೀರಿ ತಂದ ಅಕ್ಕಿ. ಹಿಂದಿರುಗಿಸತಕ್ಕದ್ದು.

ಈ ಲೆಕ್ಕ ಮನೆಯ ಹೊಸ್ತಿಲಿಗೇ ನಿಲ್ಲುವುದಿಲ್ಲ. ನಾವು ಯಾವ ದೀಪದ ಕೆಳಗೆ ಕುಳಿತು ಆಡುತ್ತೇವೆಯೊ ಆ ದೀಪಕ್ಕಾಗಿ ೧೯೬೪ರಲ್ಲಿ ಲಿಂಗನಮಕ್ಕಿಯ ಜಲಾಶಯ ತುಂಬಿತು. ಸಾಗರ ಹೊಸನಗರ ತಾಲ್ಲೂಕುಗಳ ಎಷ್ಟೋ ಮನೆ, ತೋಟ, ಗದ್ದೆಗಳು ಶರಾವತಿಯ ನೀರಿನಡಿ ಸೇರಿದುವು. ಎದ್ದು ಹೋದವರ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳ ಕಾಲ ಬಗೆಹರಿಯದೆ ಉಳಿಯಿತು. ನಮ್ಮ ಬಿಡುವು ಆಕಾಶದಿಂದ ಇಳಿದುದಲ್ಲ. ಯಾರೋ ತೆತ್ತ ಬೆಲೆಯ ಮೇಲೆ ಅದು ನಿಂತಿದೆ ಎಂಬ ಅರಿವಿದ್ದರೆ ಆಟದಲ್ಲಿ ವಿನಯವಿರುತ್ತದೆ.

ಮೂರನೆಯ ದೋಷ ಎಲ್ಲಕ್ಕಿಂತ ಸೂಕ್ಷ್ಮವಾದುದು. ನಮ್ಮ ಸಮಾಜಕ್ಕೆ ಹೆಚ್ಚು ಅನ್ವಯಿಸುವುದೂ ಅದೇ. ವಿದ್ಯಾವಂತನಾದ ಮಗನು ಮರದ ಗಡಿಯಾರವನ್ನು ಜೋಡಿಸಿದರೆ ತಂದೆತಾಯಿಗಳು ನೆಂಟರನ್ನು ಕರೆದು ತೋರಿಸುತ್ತಾರೆ. ಅದೇ ಮಗನು ಮರಗೆಲಸವನ್ನೇ ಜೀವನೋಪಾಯವಾಗಿ ಹಿಡಿಯುತ್ತೇನೆಂದರೆ ಅವರ ಮುಖ ಬಾಡುತ್ತದೆ. ಬಡಗಿಯ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವವರು ನಮ್ಮಲ್ಲಿಯೂ ಇಲ್ಲದಿಲ್ಲ. ಕೂಲಿಯಿಲ್ಲದ ಕೈಗೆಲಸಕ್ಕೆ ಗೌರವ, ಕೂಲಿಗೆ ಮಾಡಿದ ಕೈಗೆಲಸಕ್ಕೆ ತಾತ್ಸಾರ! ಮರಕ್ಕೆ ಕೈ ಹಚ್ಚಿದುದರಿಂದ ಮಾನ ಬರುವುದಾದರೆ ಅದು ಇಬ್ಬರಿಗೂ ಬರಬೇಕಾಗಿತ್ತು. ಒಬ್ಬನಿಗೆ ಮಾತ್ರ ಬಂದಿತೆಂದಮೇಲೆ, ನಾವು ಮನ್ನಿಸಿದ್ದು ಕೈಯನ್ನಲ್ಲ, ದುಡಿಯದೆಯೂ ಉಣ್ಣಬಲ್ಲ ಅನುಕೂಲತೆಯನ್ನು. ಬಾಚಿ ಹಿಡಿದವನನ್ನೂ ಬುಟ್ಟಿ ಹೆಣೆದವನನ್ನೂ ಹುಟ್ಟಾಗಲಿ ವೃತ್ತಿಯಾಗಲಿ ಕೇಳದೆ ಶರಣರ ಸಾಲಿನಲ್ಲಿ ಕುಳ್ಳಿರಿಸಿದ ಪರಂಪರೆಗೆ ಇದಕ್ಕಿಂತ ದೊಡ್ಡ ದ್ರೋಹ ಯಾವುದು?

ಆದರೆ ರೋಗವಿದ್ದಲ್ಲಿಯೇ ಮದ್ದೂ ಇದೆ. ಮೊದಲೇ ಕೊರೆದಿಟ್ಟ ತುಂಡುಗಳನ್ನು, ಚಿತ್ರಪುಸ್ತಕದ ಸಹಾಯವಿದ್ದೂ, ಸರಿಯಾಗಿ ಕೂಡಿಸಲು ನಮಗೆ ಹಲವು ಸಂಜೆಗಳು ಹಿಡಿದುವು. ಕೂದಲೆಳೆಯಷ್ಟು ಓರೆಯಾದ ಒಂದು ಅಚ್ಚು ಇಡೀ ಯಂತ್ರವನ್ನು ನಿಲ್ಲಿಸಿತು. ಹೀಗಿರುವಾಗ ಕಚ್ಚಾ ಮರದಿಂದ, ಕಣ್ಣಳತೆಯಿಂದ, ಮಳೆಗಾಲದಲ್ಲಿ ಹಿಗ್ಗಿಯೂ ಬೇಸಗೆಯಲ್ಲಿ ಕುಗ್ಗಿಯೂ ಸಡಿಲವಾಗದ ಬಾಗಿಲುವಾಡವನ್ನು ಕೂಡಿಸುವವನ ಬುದ್ಧಿ ಎಂಥದಿರಬೇಕು? ಗಂಧದ ತುಂಡಿನಲ್ಲಿ ಉಳಿ ಒಮ್ಮೆ ಜಾರಿದರೆ ಬದಲಿ ತುಂಡಿಲ್ಲವೆಂದು ಅರಿತೂ ಕೆತ್ತುವ ಗುಡಿಗಾರನ ತಾಳ್ಮೆ ಎಷ್ಟಿರಬೇಕು? ಈ ಅಚ್ಚರಿ ಹುಟ್ಟಿದವನಿಗೆ ಆಟವು ಕಣ್ಣು ತೆರೆಸಿತು. ಅವನು ಇನ್ನು ಮುಂದೆ ಬಡಗಿಯನ್ನು ಏಕವಚನದಲ್ಲಿ ಕೂಗಲಾರನು; ದೂರದ ದೇಶದ ಪೆಟ್ಟಿಗೆಗೆ ಕೇಳಿದಷ್ಟು ಹಣ ತೆತ್ತು, ಎದುರಿಗೆ ನಿಂತ ಕುಶಲಕರ್ಮಿಯೊಡನೆ ಐವತ್ತು ರೂಪಾಯಿಗೆ ಚೌಕಾಸಿ ಮಾಡಲಾರನು. ಈ ಅಚ್ಚರಿ ಹುಟ್ಟದಿದ್ದರೆ, ಎಷ್ಟು ಮಾದರಿಗಳನ್ನು ಜೋಡಿಸಿದರೂ ಅವನ ಕೈ ಕಲಿತಿರಬಹುದು, ಅವನು ಕಲಿತಿಲ್ಲ.

ಆದುದರಿಂದ ಗೃಹಸ್ಥರಿಗೆ ಹೇಳಬೇಕಾದುದು ಇಷ್ಟೆ. ಈ ಹವ್ಯಾಸವನ್ನು ಕಾಯಕವೆಂದು ಕರೆಯುವುದು ಬೇಡ. ಪಾಪವೆಂದು ಹಳಿಯುವುದೂ ಬೇಡ. ಕಾಯಕ ಮುಗಿದ ಮೇಲೆ, ಪೂಜೆಯ ವೇಳೆಯನ್ನು ಕಸಿಯದೆ, ದಾಸೋಹದ ಪಾಲಿನಿಂದ ಹಣ ತೆಗೆಯದೆ ಅದನ್ನು ನಡೆಸಬಹುದು. ಮನೆಯಾಕೆಗೂ ಅಷ್ಟೇ ಬಿಡುವು ದೊರೆಯುವಂತೆ ಮೊದಲು ಏರ್ಪಾಡು ಮಾಡಬೇಕು. ಬೇಕೆಂದರೆ ಅವಳೂ ಜೊತೆಗೆ ಕುಳಿತುಕೊಳ್ಳಲಿ. ಒಬ್ಬನೇ ಕುಳಿತು ಜೋಡಿಸುವುದಕ್ಕಿಂತ ಮಕ್ಕಳನ್ನು, ನೆರೆಮನೆಯ ಮಕ್ಕಳನ್ನೂ ಸೇರಿಸಿಕೊಳ್ಳುವುದು ಮೇಲು. ಮುಗಿದುದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಬದಲು ಊರಿನ ಶಾಲೆಗೆ ಕೊಟ್ಟುಬಿಡಬಹುದು. ಅಲ್ಲಿ ಅದು ಒಡೆದುಹೋದರೆ ಅದನ್ನು ಹಿಡಿದು ನೋಡಿದ ಕೈಗಳಿಗೆ ಅಷ್ಟು ಲಾಭ. ಕೈ ಪಳಗಿದ ಮೇಲೆ ಮನೆಯ ಕುಂಟುವ ಮಂಚಕ್ಕೆ, ಬಾಗಿಲ ಸಡಿಲ ಅಗುಳಿಗೆ ಆ ಕೈ ತಿರುಗಲಿ. ತನ್ನಿಂದಾಗದ ಕೆಲಸಕ್ಕೆ ಊರಿನ ಬಡಗಿಯನ್ನು ಕರೆದಾಗ ಅವನಿಗೆ ಕುಳಿತುಕೊಳ್ಳಲು ಮಣೆ ಕೊಟ್ಟು, ಕೆಲಸ ಮುಗಿದ ದಿನವೇ ಕೂಲಿಯನ್ನು ಸಲ್ಲಿಸಲಿ.