ಸಾಹಸಕಥೆಗಳೂ ಧೈರ್ಯದ ಪ್ರಶ್ನೆಯೂ

ಮಕ್ಕಳ ಕೈಗೆ ಯಾವ ಸಾಹಸಕಥೆ ಕೊಡಬೇಕೆಂಬ ಆಯ್ಕೆಯಲ್ಲಿ, ಧೈರ್ಯ ಎಂದರೇನು ಎಂಬ ಹಳೆಯ ಪ್ರಶ್ನೆಗೂ ಒಂದು ಉತ್ತರ ಅಡಗಿರುತ್ತದೆ. ಶಿಕ್ಷಣವನ್ನು ಕುರಿತ 1762ರ ‘ಎಮಿಲ್’ನಲ್ಲಿ ತತ್ತ್ವಜ್ಞಾನಿ ರೂಸೋ ತನ್ನ ಕಲ್ಪನೆಯ ಶಿಷ್ಯನಾದ ಬಾಲಕನಿಗೆ ಮೊದಲ ಪುಸ್ತಕವಾಗಿ ಆರಿಸಿದ್ದು ಡೇನಿಯಲ್ ಡೆಫೊನ ‘ರಾಬಿನ್ಸನ್ ಕ್ರೂಸೋ’ವನ್ನು (1719). ಅದೂ ಹಡಗು ಒಡೆಯುವಲ್ಲಿಂದ ಬಿಡುಗಡೆಯ ಹಡಗು ಬರುವವರೆಗಿನ ಭಾಗವನ್ನಷ್ಟೇ. ಒಂಟಿ ಮನುಷ್ಯ ಪರರ ಅಭಿಪ್ರಾಯದ ಹಂಗಿಲ್ಲದೆ ವಸ್ತುಗಳ ಬೆಲೆಯನ್ನು ಉಪಯೋಗದಿಂದಲೇ ಅಳೆಯುತ್ತಾನೆ ಎಂಬುದು ರೂಸೋನ ವಾದ. ಆದರೆ ಡೆಫೊನ ನಾಯಕ ದ್ವೀಪದಲ್ಲಿ ಬೈಬಲ್ ಓದಿ ಪಶ್ಚಾತ್ತಾಪಪಡುತ್ತಾನೆ, ಅಲ್ಲಿ ತಾನು ಕಾಪಾಡಿದ ಫ್ರೈಡೇ ಎಂಬವನನ್ನು ಸೇವಕನಾಗಿಸಿಕೊಳ್ಳುತ್ತಾನೆ. ಹದಿಹರೆಯದವರು ಈ ಎರಡನೆಯದನ್ನು ಪ್ರಶ್ನಿಸುತ್ತಲೇ ಓದಬೇಕು.

ಕಠೋಪನಿಷತ್ತಿನ ನಚಿಕೇತನದು ಬೇರೆ ಬಗೆಯ ಸಾಹಸ. ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದ ಹುಡುಗ, ದೀರ್ಘಾಯುಸ್ಸು, ಸಂಪತ್ತು ಎಲ್ಲವನ್ನೂ ಬೇಡವೆಂದು, ಸತ್ತ ಮೇಲೆ ಏನು ಎಂಬ ಪ್ರಶ್ನೆಯನ್ನೇ ಹಿಡಿದು ಕೂರುತ್ತಾನೆ. ಚಿಕ್ಕವರಿಗೆ ಇದನ್ನು ಕಥೆಯಾಗಿ ಕೊಟ್ಟರೆ ಸಾಕು, ವ್ಯಾಖ್ಯಾನ ಬೇಡ.

ತುಸು ದೊಡ್ಡ ಮಕ್ಕಳ ಬೇಸಿಗೆ ರಜೆಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ತಕ್ಕದ್ದು. ಹಾರುವ ಓತಿಯನ್ನು ಹುಡುಕುತ್ತ ಪಶ್ಚಿಮ ಘಟ್ಟದ ಕಾಡು ಹೊಕ್ಕವರಿಗೆ ಅದು ಕಾಣುತ್ತದೆ, ಆದರೆ ಕೈಗೆ ಸಿಕ್ಕುವುದಿಲ್ಲ. ಇಲ್ಲಿ ಸಾಹಸದ ಗುರಿ ಗೆಲುವಲ್ಲ, ಅರಿವು. ಈ ಮಟ್ಟಿಗೆ ತೇಜಸ್ವಿ ರೂಸೋಗಿಂತ ನಚಿಕೇತನಿಗೆ ಹತ್ತಿರ.