ಉಪ್ಪು ತಿಂದವರ ತಪ್ಪೆಷ್ಟು?

ಆರೋಗ್ಯವಂತ ವಯಸ್ಕರ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಕರಗಿರುವ ಉಪ್ಪು ಹೆಚ್ಚುಕಡಿಮೆ ಒಂದೂವರೆ ಕಿಲೋ. ಮೂತ್ರದಲ್ಲಿ ಹೊರಹೋಗುವುದು ಹತ್ತು ಗ್ರಾಂ ಆಸುಪಾಸು, ಎಂದರೆ ಬೆವರಿನ ಪಾಲು ಬಿಟ್ಟು ಆ ದಿನ ಊಟದಲ್ಲಿ ಒಳಬಂದಷ್ಟು. ಮಿಕ್ಕ ನೂರಕ್ಕೆ ತೊಂಬತ್ತೊಂಬತ್ತು ಪಾಲು ರಕ್ತಕ್ಕೇ ವಾಪಸ್ಸು. ಉಪ್ಪನ್ನು ಹೊರಹಾಕುವ ಅಂಗವೆಂದು ಹೆಸರಾದ ಮೂತ್ರಪಿಂಡ ಹಗಲಿರುಳು ಮಾಡುವುದು ಬಹುಪಾಲು ಉಪ್ಪನ್ನು ಹಿಡಿದಿಟ್ಟುಕೊಳ್ಳುವ ಕೆಲಸವನ್ನೇ.

ಈ ಕೆಲಸ ನಡೆಯುವುದು ನೆಫ್ರಾನ್ ಎಂಬ ಸೂಕ್ಷ್ಮ ನಳಿಕೆಗಳಲ್ಲಿ. ನಳಿಕೆಯ ಮೊದಲ ಭಾಗ ಸೋಸಿದ ಉಪ್ಪಿನ ಮೂರನೆಯ ಎರಡು ಪಾಲನ್ನು ಹೀರಿಕೊಳ್ಳುತ್ತದೆ. ಹೆನ್ಲೆ ಕುಣಿಕೆ ಎಂಬ ಬಾಗಿದ ಭಾಗ ಇನ್ನೂ ಕಾಲು ಪಾಲನ್ನು ಎಳೆದುಕೊಳ್ಳುತ್ತದೆ. ಆ ಕುಣಿಕೆ ಮೇಲಕ್ಕೇರಿ ಬಂದು ತಾನು ಹೊರಟ ಸೋಸುಗುಚ್ಛದ, ಎಂದರೆ ರಕ್ತ ಸೋಸುವ ನಾಳಗೊಂಚಲಿನ, ರಕ್ತನಾಳವನ್ನೇ ಮುಟ್ಟುತ್ತದೆ. ಮುಟ್ಟುವ ಜಾಗದಲ್ಲಿರುವ ಒಂದು ಪುಟ್ಟ ಜೀವಕೋಶಗುಂಪು ಹರಿದುಬರುವ ದ್ರವದ ಉಪ್ಪನ್ನು ಸದಾ ಅಳೆಯುತ್ತಿರುತ್ತದೆ. ಉಪ್ಪು ಇಳಿದದ್ದು ಗೊತ್ತಾದರೆ ಪಕ್ಕದ ನಾಳದ ಗೋಡೆಯಿಂದ ರೆನಿನ್ ಒಸರುತ್ತದೆ. 1898ರಲ್ಲಿ ಸ್ಟಾಕ್‌ಹೋಮಿನ ಟಿಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದ ಸಾರದಲ್ಲಿ ಕಂಡುಕೊಂಡ ವಸ್ತು ಇದು. ರೆನಿನ್‌ನಿಂದ ಆಂಜಿಯೋಟೆನ್ಸಿನ್, ಅದರಿಂದ ರಕ್ತನಾಳಗಳ ಬಿಗಿತ. ಜೊತೆಗೆ ಅಡ್ರಿನಲ್ ಗ್ರಂಥಿಯ ಆಲ್ಡೋಸ್ಟಿರೋನ್, ಅದರಿಂದ ನಳಿಕೆಯ ಕೊನೆಯಲ್ಲಿ ಉಪ್ಪಿನ ಇನ್ನಷ್ಟು ಉಳಿತಾಯ.

ಉಪ್ಪು ಸಿಗದ ಲೋಕಕ್ಕೆ ಹೇಳಿ ಮಾಡಿಸಿದ ಏರ್ಪಾಡು ಇದು. ಅಮೆಜಾನ್ ಕಾಡಿನ ಯಾನೊಮಾಮಿ ಜನ ಊಟಕ್ಕೆ ಉಪ್ಪು ಬೆರೆಸುತ್ತಿರಲಿಲ್ಲ. 32 ದೇಶಗಳ 52 ಕೇಂದ್ರಗಳಲ್ಲಿ ನಡೆದು 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ ಅವರ ಸರಾಸರಿ ರಕ್ತದೊತ್ತಡ ಸುಮಾರು 95/61 ಇತ್ತು. ವಯಸ್ಸಾದಂತೆ ಅದು ಏರುತ್ತಲೂ ಇರಲಿಲ್ಲ. ವಯಸ್ಸಾದ ಮೇಲೆ ಬಿ.ಪಿ. ಬರುವುದು ಸಹಜ ಎಂಬ ಮಾತು ಉಪ್ಪುಣ್ಣುವ ಸಮಾಜಗಳ ಅನುಭವ, ಅಷ್ಟೆ.

ಉಪ್ಪು ಹೆಚ್ಚಾದಾಗ ಏನಾಗುತ್ತದೆ? ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಶರೀರಶಾಸ್ತ್ರದಲ್ಲಿ ಅಕ್ಷರಶಃ ನಿಜ. ಬಾಯಾರುತ್ತದೆ, ಕುಡಿದ ನೀರು ಉಪ್ಪಿನ ಜೊತೆ ಉಳಿಯುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ, ಒತ್ತಡ ಏರುತ್ತದೆ. ಏರಿದ ಒತ್ತಡವೇ ಮೂತ್ರಪಿಂಡದಿಂದ ಹೆಚ್ಚಿನ ಉಪ್ಪನ್ನು ಹೊರಗೆ ದಬ್ಬುತ್ತದೆ. ಅಮೆರಿಕದ ಆರ್ಥರ್ ಗೈಟನ್ ತಮ್ಮ ಸಿದ್ಧಾಂತವನ್ನು ಕಟ್ಟಿದ್ದು ಇದರ ಮೇಲೆ. ಒಳಬಂದ ಉಪ್ಪು ಹೊರಹೋಗಿಯೇ ತೀರುತ್ತದೆ. ಎಷ್ಟು ಒತ್ತಡದಲ್ಲಿ ಹೋಗುತ್ತದೆ ಎನ್ನುವುದಷ್ಟೇ ಪ್ರಶ್ನೆ. ದಿನಕ್ಕೆ ಹತ್ತು ಗ್ರಾಂ ಉಪ್ಪು ತಿನ್ನುವ ಇಬ್ಬರಲ್ಲಿ ಒಬ್ಬರ ಮೂತ್ರಪಿಂಡ ಅದನ್ನು 120ರ ಒತ್ತಡದಲ್ಲಿ ಹೊರಹಾಕಿದರೆ, ಇನ್ನೊಬ್ಬರದಕ್ಕೆ 160 ಬೇಕಾಗಬಹುದು. ಇಬ್ಬರ ಮೂತ್ರದಲ್ಲೂ ಉಪ್ಪು ಅಷ್ಟೇ. ಹಾಗಾದರೆ ಅಧಿಕ ರಕ್ತದೊತ್ತಡವನ್ನು ಮೂತ್ರಪಿಂಡದ ಸೋಲು ಎನ್ನಲಾಗದು. ಅದು ತನ್ನ ಲೆಕ್ಕವನ್ನು ಸರಿಯಾಗಿಯೇ ಚುಕ್ತಾ ಮಾಡುತ್ತಿದೆ. ಬೆಲೆ ತೆರುವುದು ಮಿದುಳಿನ ನಾಳ, ಹೃದಯದ ಎಡಗೋಡೆ, ಕಣ್ಣಿನ ಒಳಪರದೆ. ವರ್ಷಗಳು ಕಳೆದಂತೆ ಮೂತ್ರಪಿಂಡ ತಾನೂ ತೆರುತ್ತದೆ.

ಒತ್ತಡ ಮೂತ್ರಪಿಂಡವನ್ನೇ ಹಿಂಬಾಲಿಸುತ್ತದೆ ಎನ್ನಲು ಒಳ್ಳೆಯ ಸಾಕ್ಷ್ಯಗಳಿವೆ. ಬಿ.ಪಿ.ಯಿಂದಲೇ ಮೂತ್ರಪಿಂಡ ಕೆಟ್ಟಿದ್ದ ಆರು ರೋಗಿಗಳಿಗೆ ಬಿ.ಪಿ. ಇಲ್ಲದವರ ಮೂತ್ರಪಿಂಡ ಕಸಿ ಮಾಡಿದಾಗ ಅವರ ಒತ್ತಡ ಸಹಜಕ್ಕೆ ಇಳಿಯಿತೆಂದು 1983ರ ಅಮೆರಿಕನ್ ವರದಿಯೊಂದು ಹೇಳಿತು. ತಕರಾರುಗಳೂ ಇವೆ. ರಕ್ತನಾಳಗಳು ಸಡಿಲಗೊಳ್ಳಲಾರದೆ ಹೋದದ್ದೇ ಮೂಲ ದೋಷ ಎನ್ನುವವರಿದ್ದಾರೆ, ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಇಬ್ಬರ ವಾದದಲ್ಲೂ ನಾಲಿಗೆ ಒಂಟಿ ಅಪರಾಧಿಯಲ್ಲ.

ವ್ಯವಹಾರದಲ್ಲಿ ಮಾತ್ರ ದೂರು ನಾಲಿಗೆಯ ಮೇಲೆಯೇ. ಬಿ.ಪಿ. ಎಂದು ಗೊತ್ತಾದ ದಿನದಿಂದ ಮನೆಯವರ ಕಣ್ಣು ತಟ್ಟೆಯ ತುದಿಯ ಉಪ್ಪಿನಕಾಯಿಯ ಮೇಲೆ ಬೀಳುತ್ತದೆ. ಉಪ್ಪು ಕಡಿಮೆ ಮಾಡಿ ಎಂಬ ವೈದ್ಯರ ಸಲಹೆ ಸರಿಯಾದದ್ದೇ. ಅದರ ಬೆನ್ನಿಗೆ ಬರುವ ‘ಮಾಡಿದ್ದುಣ್ಣೋ’ ಎಂಬ ತೀರ್ಪು ಸರಿಯಲ್ಲ. ಒಂದೇ ಪಂಕ್ತಿಯಲ್ಲಿ ಅದೇ ಸಾರು, ಅದೇ ಹಪ್ಪಳ ಉಂಡವರಲ್ಲಿ ಒಬ್ಬರಿಗೆ ಬಿ.ಪಿ. ಬಂದು ಇನ್ನೊಬ್ಬರಿಗೆ ಬರದಿರುವುದನ್ನು ಆ ತೀರ್ಪು ವಿವರಿಸಲಾರದು.

ನಾಲಿಗೆಯನ್ನು ಬಿಟ್ಟರೆ ಆರೋಪ ಸಲೀಸಾಗಿ ಗರ್ಭದ ಕಡೆಗೆ ಹೊರಳುತ್ತದೆ. ನೆಫ್ರಾನ್‌ಗಳು ರೂಪುಗೊಳ್ಳುವುದು ತಾಯಿಯ ಹೊಟ್ಟೆಯಲ್ಲಿ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಆಮೇಲೆ ಹೊಸತು ಸೇರುವುದಿಲ್ಲ. ಒಂದು ಮೂತ್ರಪಿಂಡದಲ್ಲಿ ಕೆಲವರಿಗೆ ಎರಡು ಲಕ್ಷದಷ್ಟಿದ್ದರೆ ಕೆಲವರಿಗೆ ಇಪ್ಪತ್ತು ಲಕ್ಷಕ್ಕೂ ಮಿಗಿಲು. ಕಡಿಮೆ ತೂಕದ ಶಿಶುವಿಗೆ ನೆಫ್ರಾನ್ ಕಡಿಮೆ, ಆದ್ದರಿಂದ ಮುಂದೆ ಒತ್ತಡ ಹೆಚ್ಚು ಎಂದು ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು 1988ರಲ್ಲಿ ವಾದಿಸಿದರು. ಅಪಘಾತದಲ್ಲಿ ಸತ್ತವರ ಮೂತ್ರಪಿಂಡಗಳನ್ನು ಪರೀಕ್ಷಿಸಿದ 2003ರ ಜರ್ಮನ್ ಅಧ್ಯಯನದಲ್ಲಿ ಬಿ.ಪಿ. ಇದ್ದ ಹತ್ತು ಮಂದಿಯ ಸೋಸುಗುಚ್ಛಗಳು ಇಲ್ಲದವರದಕ್ಕಿಂತ ಅರ್ಧದಷ್ಟೇ ಇದ್ದವು.

ಈ ವಾದಕ್ಕೆ ಮೈಸೂರು ಒಡ್ಡಿದ ಪರೀಕ್ಷೆ ಸಣ್ಣದಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಮುಂದೆ ಏನಕ್ಕಾದೀತೆಂಬ ಊಹೆಯೂ ಇಲ್ಲದೆ ಸೂಲಗಿತ್ತಿಯರು ತುಂಬಿದ ದಾಖಲೆಗಳು ಅವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ಬದುಕಿದ್ದ 517 ಮಂದಿಯನ್ನು ಸಂಶೋಧಕರು ಪತ್ತೆಹಚ್ಚಿದರು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕವಿದ್ದು ಹುಟ್ಟಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ಧಮನಿಕಾಯಿಲೆ ಇತ್ತು, 3.1 ಕಿಲೋ ಮೀರಿದವರಲ್ಲಿ ಶೇ. 3. ಇದು 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಆದರೆ ಇದೇ ಬಳಗದ ರಕ್ತದೊತ್ತಡದ ವರದಿ 2000ದಲ್ಲಿ ಬಂದಾಗ, ಹುಟ್ಟಿದಾಗ ಚಿಕ್ಕದಾಗಿದ್ದುದಕ್ಕೂ ನಡುವಯಸ್ಸಿನ ಬಿ.ಪಿ.ಗೂ ಸಂಬಂಧ ಕಾಣಲಿಲ್ಲ.

ಹೀಗೆಂದು ನೆಫ್ರಾನ್ ವಾದ ಬಿದ್ದುಹೋಗಲಿಲ್ಲ. ಜನನತೂಕವೇ ನೆಫ್ರಾನ್‌ಗಳ ಎಣಿಕೆಯಲ್ಲ, ಬದುಕುಳಿದವರಷ್ಟೇ ಪರೀಕ್ಷೆಗೆ ಸಿಕ್ಕಿದ್ದು ಎಂಬುದೂ ನಿಜ. ಬಿದ್ದದ್ದು ಬಸುರಿಯ ಊಟದಿಂದ ಮಗನ ಬಿ.ಪಿ.ಗೆ ನೇರ ಎಳೆದ ಗೆರೆ. ತಿಂದವನನ್ನು ಬಿಟ್ಟು ಹೆತ್ತವಳನ್ನು ಹಿಡಿಯಲು ಮೈಸೂರಿನ ಆ ದಾಖಲೆಗಳು ಆಧಾರ ಕೊಡುವುದಿಲ್ಲ.

ದೂರುವುದು ಬೇರೆ, ಹೊಣೆ ಹೊರುವುದು ಬೇರೆ. ಯಾರ ನೆಫ್ರಾನ್ ಎಷ್ಟು ಎಂದು ಬದುಕಿರುವಾಗ ಎಣಿಸಿ ಹೇಳುವುದು ಇಂದಿಗೂ ನಿತ್ಯದ ಚಿಕಿತ್ಸೆಯ ಭಾಗವಲ್ಲ, ಬದಲಿಸಲಂತೂ ಬರುವುದಿಲ್ಲ. ಬದಲಿಸಬಹುದಾದದ್ದು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ ಐದು ಗ್ರಾಂ, ಒಂದು ಟೀ ಚಮಚದೊಳಗೆ. ನಾಲ್ವರ ಮನೆಯಲ್ಲಿ ಕಿಲೋ ಉಪ್ಪಿನ ಪೊಟ್ಟಣ ತಿಂಗಳಿಗೆ ಮುಗಿದರೆ ತಲೆಗೆ ಎಂಟು ಗ್ರಾಂ ದಾಟಿತು. ಬೇಕರಿಯ ಖಾರಾ ಬನ್, ಹೋಟೆಲಿನ ಸಾಂಬಾರು, ಅಂಗಡಿಯ ಚಿಪ್ಸು ಈ ಲೆಕ್ಕಕ್ಕೆ ಬಂದೇ ಇಲ್ಲ, ಅಲ್ಲಿ ಉಪ್ಪು ಹಾಕುವ ಕೈ ತಿನ್ನುವವನದೂ ಅಲ್ಲ.